ದ್ರಾವಣದಲ್ಲಿ ಇದ್ದದ್ದೇನು, ಗ್ರಿಡ್ ಮೇಲೆ ಹುಟ್ಟಿದ್ದೇನು? ಪಾಲಿಮರ್ ದ್ರಾವಣಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶನಕ್ಕೆ ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಲೆಕ್ಕ ಮಾಡೋಣ. ಪಿಬಿಎಸ್ (ಫಾಸ್ಫೇಟ್ ಮತ್ತು ಉಪ್ಪು ಇರುವ) ಬಫರ್‌ನಲ್ಲಿ ಲೀಟರಿಗೆ 1 ಗ್ರಾಂ ಬ್ಲಾಕ್ ಕೋಪಾಲಿಮರ್ (ಬೇರೆ ಬೇರೆ ಪಾಲಿಮರ್ ತುಂಡುಗಳನ್ನು ಜೋಡಿಸಿದ ಸರಪಳಿ) ಇರುವ ದ್ರಾವಣವಿದೆ. ಅದರಿಂದ 5 ಮೈಕ್ರೊಲೀಟರ್ ಹನಿಯೊಂದನ್ನು ಟಿಇಎಂ (ಕಿರಣವನ್ನು ಮಾದರಿಯ ಮೂಲಕ ಹಾಯಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಗ್ರಿಡ್, ಅಂದರೆ ಮಾದರಿ ಹೊರುವ ಪುಟ್ಟ ಲೋಹದ ಜಾಲರಿ, ಮೇಲಿಟ್ಟು ಒಣಗಲು ಬಿಡುತ್ತೀರಿ. ಹನಿಯಲ್ಲಿರುವ ಪಾಲಿಮರ್ 5 ಮೈಕ್ರೊಗ್ರಾಂ. ಪಿಬಿಎಸ್‌ನಲ್ಲಿ ಲೀಟರಿಗೆ 8 ಗ್ರಾಂ ಸೋಡಿಯಂ ಕ್ಲೋರೈಡ್ ಇರುವುದರಿಂದ ಅದೇ ಹನಿಯಲ್ಲಿ ಉಪ್ಪು 40 ಮೈಕ್ರೊಗ್ರಾಂ, ಪಾಲಿಮರ್‌ನ ಎಂಟು ಪಟ್ಟು. ಗ್ರಿಡ್‌ನ ವ್ಯಾಸ 3.05 ಮಿಲಿಮೀಟರ್. ಉಪ್ಪನ್ನು ಮರೆತು ಬರೀ ಪಾಲಿಮರನ್ನು ಅಷ್ಟಗಲಕ್ಕೆ ಸಮನಾಗಿ ಹರಡಿದರೂ ಸುಮಾರು 680 ನ್ಯಾನೊಮೀಟರ್ ದಪ್ಪದ ಪದರವಾಗುತ್ತದೆ. ಟಿಇಎಂಗೆ ಸಾಮಾನ್ಯವಾಗಿ ಬೇಕಾದದ್ದು 100 ನ್ಯಾನೊಮೀಟರ್‌ಗಿಂತ ತೆಳುವಾದ ಮಾದರಿ. ಇಂಥ ಗ್ರಿಡ್‌ನಲ್ಲಿ ಚಂದದ ಚಿತ್ರ ಸಿಕ್ಕರೂ ಅದು ಲೀಟರಿಗೆ 1 ಗ್ರಾಂ ಇದ್ದ ದ್ರಾವಣದ ಚಿತ್ರವಲ್ಲ. ನೀರೆಲ್ಲ ಹೋಗುವವರೆಗೆ ಪಾಲಿಮರ್ ಮತ್ತು ಉಪ್ಪು ಒಟ್ಟಿಗೆ ಸಾಂದ್ರಗೊಳ್ಳುತ್ತ ಸಾಗಿದ ದಾರಿಯ ಕೊನೆಯ ಚಿತ್ರ.

ಆರ್ಟಿಫ್ಯಾಕ್ಟ್‌ಗಳನ್ನು (ದ್ರಾವಣದಲ್ಲಿ ಇಲ್ಲದ, ಸಿದ್ಧತೆಯಲ್ಲೇ ಹುಟ್ಟಿದ ರಚನೆಗಳನ್ನು) ಚಿತ್ರ ನೋಡಿಯೇ ಗುರುತಿಸಬಹುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಗೋಳ, ಉಂಗುರ, ಹುಳುವಿನಾಕಾರದ ದಾರ, ಜೇನುಗೂಡಿನಂತಹ ಜಾಲ ಇವೆಲ್ಲ ನಿಜವಾಗಿಯೂ ದ್ರಾವಣದಲ್ಲಿ ಇರಬಹುದು, ಒಣಗುವಾಗ ಹುಟ್ಟಿಯೂ ಇರಬಹುದು. ಎರಡನ್ನೂ ಬೇರ್ಪಡಿಸಲು ಇರುವ ದಾರಿ ಒಂದೇ: ಸಿದ್ಧತೆಯ ಒಂದು ಅಂಶವನ್ನು ಬದಲಿಸಿ ರಚನೆಯೂ ಬದಲಾಗುತ್ತದೆಯೇ ಎಂದು ನೋಡುವುದು, ಜೊತೆಗೆ ದ್ರಾವಣವನ್ನು ದ್ರಾವಣವಾಗಿಯೇ ಅಳೆದ ಫಲಿತಾಂಶವನ್ನು ಪಕ್ಕಕ್ಕಿಟ್ಟುಕೊಳ್ಳುವುದು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ಸೂಕ್ಷ್ಮದರ್ಶಕಕ್ಕೆ ಮುನ್ನ ದ್ರಾವಣವನ್ನು ತಿಳಿಯಿರಿ

ಗ್ರಿಡ್ ಮುಟ್ಟುವ ಮೊದಲು ನೋಟ್‌ಬುಕ್‌ನಲ್ಲಿ ಐದು ವಿಷಯ ಬರೆದಿಟ್ಟುಕೊಳ್ಳಿ: ಪಾಲಿಮರ್‌ನ ಸಾರತೆ, ದ್ರಾವಕದ ನಿಖರ ಸಂಯೋಜನೆ, ತಾಪಮಾನ, ದ್ರಾವಣ ತಯಾರಾಗಿ ಎಷ್ಟು ದಿನವಾಯಿತು, ಮೈಸೆಲ್‌ನ (ಪಾಲಿಮರ್ ಸರಪಳಿಗಳು ತಾವಾಗಿ ಒಟ್ಟುಗೂಡಿದ ಕಣದ) ಒಳತಿರುಳು ಗಾಜಿನಂತೆ ಗಟ್ಟಿಯೋ ಮೃದುವೋ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಪಾಲಿಸ್ಟೈರೀನ್‌ನ ಗಾಜು ಸ್ಥಿತ್ಯಂತರ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿರುವುದರಿಂದ, ಒಳಗೆ ದ್ರಾವಕ ಉಳಿದಿರದಿದ್ದರೆ, ಅದರ ತಿರುಳು ಒಣಗಿದರೂ ಆಕಾರ ಬಿಡುವುದಿಲ್ಲ. ಪಾಲಿಬ್ಯುಟಡೈಯೀನ್‌ನ ತಿರುಳು ಕೋಣೆಯ ತಾಪಮಾನದಲ್ಲಿ ದ್ರವದಂತೆ ಹರಿಯುತ್ತದೆ. ಗ್ರಿಡ್‌ನ ಕಾರ್ಬನ್ ಮೇಲೆ ಚಪ್ಪಟೆಯಾಗಿ ಹರಡಿ, 20 ನ್ಯಾನೊಮೀಟರ್‌ನ ಗೋಳ 40ರ ತಟ್ಟೆಯಾಗಿ ಕಾಣಬಹುದು. ಮೊದಲನೆಯದಕ್ಕೆ ಒಣ ವಿಧಾನ ಒಂದು ಮಟ್ಟಿಗೆ ಸಾಕು. ಎರಡನೆಯದಕ್ಕೆ ಕ್ರಯೋ (ದ್ರಾವಣವನ್ನು ಹೆಪ್ಪುಗಟ್ಟಿಸಿ ನೋಡುವ ವಿಧಾನ, ಹಂತ 6) ಬಿಟ್ಟರೆ ಗತಿಯಿಲ್ಲ.

ಅದೇ ದಿನ, ಅದೇ ಶೀಶೆಯಿಂದ ತೆಗೆದ ಮಾದರಿಗೆ ಡಿಎಲ್‌ಎಸ್ (ಚದುರುವ ಬೆಳಕಿನಿಂದ ಕಣದ ಗಾತ್ರ ತಿಳಿಯುವ) ಅಳತೆ ಮಾಡಿ. ಅದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಚದುರುವ ಬೆಳಕಿನ ತೀವ್ರತೆ ಸಣ್ಣ ಕಣಗಳಲ್ಲಿ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ ಬೆರಳೆಣಿಕೆಯ ದೊಡ್ಡ ಕಣಗಳೇ ಫಲಿತಾಂಶವನ್ನು ಆಳುತ್ತವೆ. ಇನ್ನೊಂದು, ಡಿಎಲ್‌ಎಸ್ ಕೊಡುವುದು ನೀರಿನಲ್ಲಿ ಹರಡಿಕೊಂಡ ಹೊರಪದರವನ್ನೂ ಸೇರಿಸಿದ ವ್ಯಾಸ; ಒಣ ಟಿಇಎಂನಲ್ಲಿ ಕಾಣುವುದು ಬಹುಮಟ್ಟಿಗೆ ತಿರುಳು ಮಾತ್ರ. ಹಾಗಾಗಿ ಡಿಎಲ್‌ಎಸ್‌ನಲ್ಲಿ 40, ಟಿಇಎಂನಲ್ಲಿ 20 ನ್ಯಾನೊಮೀಟರ್ ಬಂದರೆ ಗಾಬರಿಯಾಗಬೇಕಿಲ್ಲ. ಡಿಎಲ್‌ಎಸ್‌ನಲ್ಲಿ 40 ಬಂದು ಟಿಇಎಂನಲ್ಲಿ 300ರ ಗೋಳಗಳು ಮಾತ್ರ ಕಂಡರೆ ಅಲ್ಲೇ ನಿಲ್ಲಿ.

ದ್ರಾವಣವನ್ನು ತೆಳುಗೊಳಿಸಬೇಕಾದರೆ ಅದೇ ಮಾಧ್ಯಮದಿಂದ ತೆಳುಗೊಳಿಸಿ. ಪ್ಲುರಾನಿಕ್‌ನಂತಹ ಪಾಲಿಮರ್‌ಗಳ ಮೈಸೆಲ್‌ಗಳು ಒಂದು ಸಾರತೆಗಿಂತ ಕೆಳಗೆ, ಅಥವಾ ಒಂದು ತಾಪಮಾನಕ್ಕಿಂತ ಕೆಳಗೆ, ಕರಗಿಹೋಗುತ್ತವೆ. ನೀವು ತೆಳುಗೊಳಿಸಿದ ಕೊಳವೆಯಲ್ಲಿ ಮೈಸೆಲ್‌ಗಳೇ ಇರದಿರಬಹುದು, ಹನಿ ಒಣಗುವಾಗ ಮತ್ತೆ ಹುಟ್ಟಬಹುದು. ಫಿಲ್ಟರ್ ಹಾಕುವ ಅಭ್ಯಾಸದ ಬಗ್ಗೆಯೂ ಯೋಚಿಸಿ: ಧೂಳು ಹೋಗುತ್ತದೆ ನಿಜ, ಆದರೆ ಉದ್ದನೆಯ ಹುಳುವಿನಾಕಾರದ ಮೈಸೆಲ್‌ಗಳು ತುಂಡಾಗಬಹುದು, ದೊಡ್ಡ ವೆಸಿಕಲ್‌ಗಳು (ಒಳಗೆ ದ್ರವವಿರುವ ಪೊಳ್ಳು ಚೀಲಗಳು) ಒಡೆದು ಚಿಕ್ಕದಾಗಬಹುದು.

ಹಂತ 2: ಖಾಲಿ ಗ್ರಿಡ್‌ಗಳು

ಬಹಳಷ್ಟು ಪ್ರಯೋಗಾಲಯಗಳಲ್ಲಿ ಬಿಟ್ಟುಹೋಗುವ ಹಂತ ಇದು. ಪಾಲಿಮರ್ ಇಲ್ಲದ ನಾಲ್ಕು ಗ್ರಿಡ್‌ಗಳನ್ನು ಅದೇ ದಿನ, ಅದೇ ಕೈಯಿಂದ ತಯಾರಿಸಿ: ಏನೂ ಹಾಕದ ಗ್ರಿಡ್, ಬಫರ್ ಮಾತ್ರ, ಸ್ಟೇನ್ (ಕಾಂಟ್ರಾಸ್ಟ್‌ಗಾಗಿ ಹಾಕುವ ಭಾರ ಲೋಹದ ಉಪ್ಪು) ಮಾತ್ರ, ಬಫರ್ ಮತ್ತು ಸ್ಟೇನ್ ಎರಡೂ. ಸೂಕ್ಷ್ಮದರ್ಶಕದ ಸಮಯ ದುಬಾರಿ ಎಂಬುದು ಗೊತ್ತು. ಆದರೂ ಇವನ್ನು ಮೊದಲು ನೋಡಿ. ಸ್ಟೇನ್ ಆಗಿ ಬಳಸುವ ಯುರೇನೈಲ್ ಅಸಿಟೇಟ್ ಬಫರ್‌ನ ಫಾಸ್ಫೇಟ್ ಜೊತೆ ಸೇರಿದರೆ ಒತ್ತರಿಸಿ ಕಪ್ಪು ಕಣಗಳಾಗುತ್ತದೆ. ನಾಲ್ಕನೇ ಗ್ರಿಡ್‌ನಲ್ಲಿ ಪಾಲಿಮರ್ ಒಂದಣುವೂ ಇಲ್ಲದೆ "ನ್ಯಾನೊಕಣಗಳು" ಕಾಣಿಸಿಕೊಂಡಾಗ ಮುಂದಿನ ಎಷ್ಟೋ ಚರ್ಚೆಗಳು ಅಲ್ಲಿಗೇ ಮುಗಿಯುತ್ತವೆ. ಸೋಡಿಯಂ ಕ್ಲೋರೈಡ್‌ನ ಚೌಕಾಕಾರದ ಹರಳುಗಳನ್ನು ಗುರುತಿಸುವುದು ಸುಲಭ. ಆದರೆ ಎಲೆಕ್ಟ್ರಾನ್ ಕಿರಣ ತಾಗಿದಾಗ ಅವುಗಳ ಅಂಚು ಸವೆದು ದುಂಡಗಾಗಬಹುದು. ಆಗ ಅವೂ ಕಣಗಳಂತೆ ಕಾಣುತ್ತವೆ.

ಹಂತ 3: ಗ್ರಿಡ್ ಮತ್ತು ಅದರ ಮೇಲ್ಮೈ

ಗ್ರಿಡ್‌ಗೆ ಹೊದಿಸುವ ಫಾರ್ಮ್‌ವಾರ್ ಎಂಬ ಪ್ಲಾಸ್ಟಿಕ್ ಪದರ ಕ್ಲೋರೋಫಾರ್ಮ್‌ನಲ್ಲೂ ಡೈಆಕ್ಸೇನ್‌ನಲ್ಲೂ ಕರಗುತ್ತದೆ. ಸಾವಯವ ದ್ರಾವಕವಿದ್ದರೆ ಬರೀ ಕಾರ್ಬನ್ ಪದರದ ಗ್ರಿಡ್ ಬಳಸಿ. ಇಲ್ಲದಿದ್ದರೆ ಕರಗಿ ಮರುಗಟ್ಟಿದ ಫಾರ್ಮ್‌ವಾರ್‌ನ ಹನಿಗಳನ್ನೇ ನಿಮ್ಮ ಪಾಲಿಮರ್ ಎಂದು ಅಳೆಯುತ್ತ ಕೂರಬೇಕಾಗುತ್ತದೆ. ಅಮೀನ್ ಗುಂಪುಗಳಿರುವ ಪಾಲಿಮರ್‌ಗೆ ತಾಮ್ರದ ಗ್ರಿಡ್ ಬೇಡ; ತಾಮ್ರದ ಅಯಾನುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ನಿಕ್ಕಲ್ ಅಥವಾ ಚಿನ್ನದ ಗ್ರಿಡ್ ಬಳಸಿ.

ಕಾರ್ಬನ್ ಸ್ವಭಾವತಃ ನೀರನ್ನು ದೂರ ತಳ್ಳುತ್ತದೆ. ಗ್ಲೋ ಡಿಸ್ಚಾರ್ಜ್ ಯಂತ್ರದಲ್ಲಿ (ಕಡಿಮೆ ಒತ್ತಡದ ಅನಿಲದಲ್ಲಿ ವಿದ್ಯುತ್ ಹಾಯಿಸಿ ಮೇಲ್ಮೈ ಬದಲಿಸುವ ಯಂತ್ರ) ಅರ್ಧ ನಿಮಿಷದಷ್ಟು ಇಟ್ಟರೆ ನೀರು ಸಮನಾಗಿ ಹರಡುತ್ತದೆ. ಪರಿಣಾಮ ಬೇಗ ಕುಂದುವುದರಿಂದ ಅರ್ಧ ಗಂಟೆಯೊಳಗೆ ಬಳಸಿಬಿಡಿ. ಗಾಳಿಯಲ್ಲಿ ಡಿಸ್ಚಾರ್ಜ್ ಮಾಡಿದ ಮೇಲ್ಮೈ ಋಣ ವಿದ್ಯುದಂಶ ಪಡೆಯುತ್ತದೆ ಎಂಬುದನ್ನು ನೆನಪಿಡಿ. ಧನ ವಿದ್ಯುದಂಶದ ಪಾಲಿಮರ್ ಅದಕ್ಕೆ ಮುತ್ತಿಕೊಳ್ಳುತ್ತದೆ, ಪಾಲಿಅಕ್ರಿಲಿಕ್ ಆಮ್ಲದ ಹೊರಪದರವಿರುವ ಮೈಸೆಲ್ ಹಿಂಜರಿಯುತ್ತದೆ. ಅಂದರೆ ಗ್ರಿಡ್ ಮೇಲೆ ಎಣಿಸಿದ ಸಂಖ್ಯೆ ದ್ರಾವಣದಲ್ಲಿನ ಪ್ರಮಾಣವನ್ನು ಹೇಳುವುದಿಲ್ಲ. "ಶೇಕಡ 80 ಗೋಳಗಳು, ಶೇಕಡ 20 ದಾರಗಳು" ಎಂದು ಒಂದೇ ಬಗೆಯ ಗ್ರಿಡ್‌ನಿಂದ ಎಣಿಸಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು.

ಹಂತ 4: ಹನಿ ಇಡುವುದು, ಕಾಯುವುದು, ಹೀರುವುದು

ಹನಿಯನ್ನು ಪೂರ್ತಿ ಒಣಗಲು ಬಿಡಬೇಡಿ. ಲೀಟರಿಗೆ 0.1 ಗ್ರಾಂ ಅಥವಾ ಅದಕ್ಕೂ ಕಡಿಮೆ ಸಾರತೆಯ 3ರಿಂದ 5 ಮೈಕ್ರೊಲೀಟರ್ ಹನಿ ಇಟ್ಟು, ಒಂದು ನಿಮಿಷ ಕಾದು, ಫಿಲ್ಟರ್ ಕಾಗದದ ಹರಿದ ಅಂಚನ್ನು ಗ್ರಿಡ್‌ನ ಬದಿಗೆ ತಾಗಿಸಿ ದ್ರವವನ್ನು ಹೀರಿ. ತೆಳುಗೊಳಿಸಿದರೆ ಕರಗುವ ಮೈಸೆಲ್‌ಗಳಾದರೆ ಸಾರತೆ ಇಳಿಸದೆ, ಕಾಯುವ ಹೊತ್ತನ್ನು ಇಳಿಸಿ. ಕತ್ತರಿಸಿದ ನುಣುಪು ಅಂಚಿಗಿಂತ ಹರಿದ ಅಂಚು ಸಮನಾಗಿ ಹೀರುತ್ತದೆ.

ಈ ಹಂತದಲ್ಲಿ ಚಿಮಟವನ್ನು ಗಮನಿಸಿ ನೋಡಿ. ಅದರ ಎರಡು ಕಾಲುಗಳ ನಡುವೆ ಒಂದಿಷ್ಟು ದ್ರವ ಮೇಲೇರಿ ನಿಂತಿರುತ್ತದೆ. ಗ್ರಿಡ್ ಒಣಗಿತೆಂದು ಪೆಟ್ಟಿಗೆಗೆ ಇಡಲು ಹೊರಟಾಗ ಆ ದ್ರವ ಜಾರಿ ಮತ್ತೆ ಗ್ರಿಡ್ ಮೇಲೆ ಹರಡಿ, ಅಲ್ಲೇ ಒಣಗುತ್ತದೆ. ನಿಮಿಷಗಟ್ಟಲೆ ಎಚ್ಚರಿಕೆಯಿಂದ ಮಾಡಿದ ಕೆಲಸದ ಮೇಲೆ ತೊಳೆಯದ, ಹೀರದ, ಉಪ್ಪು ತುಂಬಿದ ಹನಿಯೊಂದು ಬಂದು ಕೂರುತ್ತದೆ. ಹೀರಿದ ತಕ್ಷಣ ಕಾಗದದ ತುದಿಯನ್ನು ಚಿಮಟದ ಕಾಲುಗಳ ನಡುವೆಯೂ ಒಮ್ಮೆ ಎಳೆಯಿರಿ.

ಒಣಗುವ ಹನಿಯ ಅಂಚು ಹಿಡಿದುಕೊಂಡಿದ್ದರೆ ದ್ರವ ಒಳಗಿನಿಂದ ಅಂಚಿನತ್ತ ಹರಿದು ಕಣಗಳನ್ನು ಅಲ್ಲಿ ಗುಡ್ಡೆ ಹಾಕುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚು ಮಾತ್ರ ಗಾಢವಾಗುವುದು ಹೀಗೆಯೇ. ಗ್ರಿಡ್‌ನ ಅಂಚಿನಲ್ಲಿ ಕಾಣುವ ಗೊಂಚಲುಗಳನ್ನು "ಮೈಸೆಲ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ" ಎಂಬುದಕ್ಕೆ ಸಾಕ್ಷ್ಯವಾಗಿ ಕೊಡಬಾರದು. ಮಧ್ಯಭಾಗ, ಅಂಚು, ಇವೆರಡರ ನಡುವಿನ ಜಾಗ, ಮೂರರಿಂದಲೂ ಚಿತ್ರ ತೆಗೆದು ಹೋಲಿಸಿ.

ಮಿಶ್ರ ದ್ರಾವಕಗಳ ಕಥೆ ಇನ್ನೂ ಸೂಕ್ಷ್ಮ. ಪಾಲಿಸ್ಟೈರೀನ್–ಪಾಲಿಅಕ್ರಿಲಿಕ್ ಆಮ್ಲದ ಬ್ಲಾಕ್ ಕೋಪಾಲಿಮರ್ ಸೂಕ್ತ ಸಾವಯವ ದ್ರಾವಕದಲ್ಲಿ (ಡಿಎಂಎಫ್, ಟಿಎಚ್‌ಎಫ್‌ನಂತಹದರಲ್ಲಿ) ನೀರಿನ ಪ್ರಮಾಣ ಏರಿದಂತೆ ಗೋಳ, ದಂಡ, ವೆಸಿಕಲ್ ಹೀಗೆ ಆಕಾರ ಬದಲಿಸುತ್ತದೆ. ಈಗ ಈ ದ್ರಾವಣದ ಹನಿ ಒಣಗುವಾಗ ಏನಾಗುತ್ತದೆ ನೋಡಿ. ಡಿಎಂಎಫ್ 153 ಡಿಗ್ರಿಯಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಮೊದಲು ಹೋಗುವುದು ನೀರು. ಹನಿಯಲ್ಲಿ ಡಿಎಂಎಫ್ ಪಾಲು ಏರಿ, ತಿರುಳು ಮತ್ತೆ ಉಬ್ಬಿ ಮೃದುವಾಗಿ, ಆಕಾರ ಹಿಂದಕ್ಕೆ ಸರಿಯಬಹುದು. ಟಿಎಚ್‌ಎಫ್ ಆದರೆ 66 ಡಿಗ್ರಿಯಲ್ಲಿ ಕುದಿಯುವುದರಿಂದ ಅದೇ ಮೊದಲು ಹೋಗಿ, ನೀರಿನ ಪಾಲು ಏರಿ, ಆಕಾರ ಮುಂದಕ್ಕೆ ಸರಿಯಬಹುದು. ಒಂದೇ ಪಾಲಿಮರ್, ಒಂದೇ ಗ್ರಿಡ್, ಆರ್ಟಿಫ್ಯಾಕ್ಟ್ ಮಾತ್ರ ವಿರುದ್ಧ ದಿಕ್ಕುಗಳಲ್ಲಿ. ಆದ್ದರಿಂದ ಹನಿ ಇಡುವ ಮೊದಲೇ ದ್ರಾವಣವನ್ನು ಹೆಚ್ಚು ನೀರಿಗೆ ಒಮ್ಮೆಲೇ ಸುರಿದು ಪಾಲಿಸ್ಟೈರೀನ್ ತಿರುಳನ್ನು ಗಟ್ಟಿಗೊಳಿಸಿ, ನಂತರ ಡಯಾಲಿಸಿಸ್‌ನಿಂದ ಸಾವಯವ ದ್ರಾವಕ ತೆಗೆಯುವುದು ರೂಢಿ. ಸುರಿಯುವುದು ನಿಧಾನವಾದರೆ ಆ ದಾರಿಯಲ್ಲೇ ಆಕಾರ ಬದಲಾದೀತು.

ಒಣಗುವ ವೇಗವೂ ಫಲಿತಾಂಶದ ಭಾಗ. ಮಳೆಗಾಲದ ಮಂಗಳೂರಿನಲ್ಲಿ ನಿಧಾನವಾಗಿ ಒಣಗಿದ ಗ್ರಿಡ್‌ಗೂ ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಕ್ಷಣದಲ್ಲಿ ಒಣಗಿದ ಗ್ರಿಡ್‌ಗೂ ವ್ಯತ್ಯಾಸವಿರುತ್ತದೆ. ಕೋಣೆಯ ತಾಪಮಾನ ಮತ್ತು ತೇವಾಂಶವನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಪಾಲಿಎಥಿಲೀನ್ ಆಕ್ಸೈಡ್ ಇರುವ ಮಾದರಿಗಳಲ್ಲಿ ಇದು ಎದ್ದು ಕಾಣುತ್ತದೆ: ಒಣಗುವಾಗ ಅದು ಹರಳುಗಟ್ಟಿ ಜರೀಗಿಡದ ಎಲೆಯಾಕಾರದ ಕವಲುಗಳನ್ನು ಬಿಡುತ್ತದೆ, ದ್ರಾವಣದಲ್ಲಿ ಅಂಥದ್ದೇನೂ ಇರುವುದಿಲ್ಲ.

ಉಪ್ಪು ತೆಗೆಯಲು ನೀರಿನಿಂದ ತೊಳೆಯುವುದು ಸಾಮಾನ್ಯ. ಗಟ್ಟಿ ಮೈಸೆಲ್‌ಗಳಿಗೆ ತೊಂದರೆಯಿಲ್ಲ. ವೆಸಿಕಲ್‌ಗಳಾದರೆ ಹೊರಗಿನ ಉಪ್ಪು ಇದ್ದಕ್ಕಿದ್ದಂತೆ ಹೋದಾಗ ಒಳಗೆ ನೀರು ನುಗ್ಗಿ ಅವು ಉಬ್ಬಬಹುದು, ಒಡೆಯಬಹುದು. ಸಾಧ್ಯವಿದ್ದರೆ ಮೊದಲಿನಿಂದಲೇ ಅಮೋನಿಯಂ ಅಸಿಟೇಟ್‌ನಂತಹ, ನಿರ್ವಾತದಲ್ಲಿ ಆವಿಯಾಗಿ ಹೋಗುವ ಉಪ್ಪಿನ ಬಫರ್ ಬಳಸಿ.

ಹಂತ 5: ಸ್ಟೇನ್

ನೆಗೆಟಿವ್ ಸ್ಟೇನಿಂಗ್‌ನಲ್ಲಿ ಭಾರ ಲೋಹದ ಉಪ್ಪು ಕಣದ ಸುತ್ತ ನಿಂತು ಹಿನ್ನೆಲೆಯನ್ನು ಕಪ್ಪಾಗಿಸಬೇಕು. ಪಾಲಿಮರ್ ಜೊತೆ ಅದು ರಾಸಾಯನಿಕವಾಗಿ ಮಾತಾಡಲೇಬಾರದು. ವಾಸ್ತವದಲ್ಲಿ ಮಾತಾಡುತ್ತದೆ. ಯುರೇನೈಲ್ ಅಸಿಟೇಟ್ ದ್ರಾವಣದ ಪಿಎಚ್ ಸುಮಾರು 4ರಿಂದ 4.5. ಪಾಲಿಅಕ್ರಿಲಿಕ್ ಆಮ್ಲದ ಹೊರಪದರ ಈ ಪಿಎಚ್‌ನಲ್ಲಿ ತನ್ನ ವಿದ್ಯುದಂಶವನ್ನು ಬಹುಪಾಲು ಕಳೆದುಕೊಂಡು ಮುದುಡುತ್ತದೆ. ಉಳಿದ ಕಾರ್ಬಾಕ್ಸಿಲೇಟ್‌ಗಳಿಗೆ ಯುರೇನೈಲ್ ಅಂಟಿಕೊಂಡು ಕಣವೇ ಕಪ್ಪಾಗುತ್ತದೆ. ಫಾಸ್ಫೋಟಂಗ್‌ಸ್ಟಿಕ್ ಆಮ್ಲವನ್ನು ಕ್ಷಾರ ಸೇರಿಸಿ ಪಿಎಚ್ 7ಕ್ಕೆ ತಂದುಕೊಳ್ಳಬಹುದು, ಆದರೆ ಅದು ಋಣ ಅಯಾನು. ಧನ ವಿದ್ಯುದಂಶದ ಪಾಲಿಮರ್‌ಗಳನ್ನು ಒತ್ತರಿಸಿಬಿಡುತ್ತದೆ. ನನ್ನ ಸಲಹೆ: ವಿರುದ್ಧ ಸ್ವಭಾವದ ಈ ಎರಡೂ ಸ್ಟೇನ್‌ಗಳಲ್ಲಿ ಮಾಡಿ, ಸ್ಟೇನ್ ಇಲ್ಲದೆಯೂ ಒಂದು ಗ್ರಿಡ್ ನೋಡಿ. ಮೂರರಲ್ಲೂ ಕಾಣುವ ರಚನೆಯನ್ನು ಮಾತ್ರ ಮುಂದಕ್ಕೆ ಒಯ್ಯಿರಿ.

ಅತಿ ಹೆಚ್ಚು ತಪ್ಪು ಓದಿಗೆ ಒಳಗಾಗುವುದು ಉಂಗುರ. ಗಟ್ಟಿ ಗೋಳದ ಬುಡದ ಸುತ್ತ ಸ್ಟೇನ್ ಶೇಖರವಾದರೆ ಕಪ್ಪು ಅಂಚು, ತಿಳಿ ನಡುಭಾಗ ಕಾಣುತ್ತದೆ. ಅದನ್ನು ವೆಸಿಕಲ್ ಎಂದು ಬರೆದುಬಿಡುತ್ತಾರೆ. ನಿಜವಾದ ವೆಸಿಕಲ್ ಒಣಗಿದಾಗ ಕುಸಿದು ಬಟ್ಟಲಿನಂತೆ ಕಾಣುವುದು ಹೆಚ್ಚು. ಮಾದರಿಯನ್ನು 45 ಡಿಗ್ರಿ ವಾಲಿಸಿ ಮತ್ತೆ ಚಿತ್ರ ತೆಗೆಯಿರಿ: ಗೋಳ ಗೋಳವಾಗಿಯೇ ಉಳಿಯುತ್ತದೆ, ತಟ್ಟೆ ಸಪೂರವಾಗುತ್ತದೆ.

ಆಸ್ಮಿಯಂ ಟೆಟ್ರಾಕ್ಸೈಡ್ ದ್ವಿಬಂಧಗಳನ್ನೂ ರುಥೇನಿಯಂ ಟೆಟ್ರಾಕ್ಸೈಡ್ ಪಾಲಿಸ್ಟೈರೀನ್‌ನ ಆರೊಮ್ಯಾಟಿಕ್ ಉಂಗುರಗಳನ್ನೂ ಹಿಡಿಯುತ್ತವೆ. ಎರಡರ ಆವಿಯೂ ಕಣ್ಣು, ಶ್ವಾಸಕೋಶಗಳಿಗೆ ಬಹಳ ಅಪಾಯಕಾರಿ. ಫ್ಯೂಮ್ ಹುಡ್‌ನಿಂದ ಹೊರಗೆ ಬಾಟಲಿ ತೆರೆಯಲೇಬೇಡಿ. ಯುರೇನೈಲ್ ತ್ಯಾಜ್ಯವನ್ನು ಸಿಂಕ್‌ಗೆ ಸುರಿಯುವಂತಿಲ್ಲ, ಪ್ರತ್ಯೇಕವಾಗಿ ಸಂಗ್ರಹಿಸಬೇಕು.

ಹಂತ 6: ಕ್ರಯೋ, ಮತ್ತು ಅದರದ್ದೇ ಆದ ಆರ್ಟಿಫ್ಯಾಕ್ಟ್‌ಗಳು

ನೀರನ್ನು ಹರಳುಗಟ್ಟಲು ಬಿಡದಷ್ಟು ಬೇಗ ತಂಪಾಗಿಸಿ ಗಾಜಿನಂತಹ ಹಿಮವಾಗಿಸುವ ವಿಧಾನವನ್ನು 1980ರ ದಶಕದ ಆರಂಭದಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಜಾಕ್ ಡುಬೋಶೆ ಮತ್ತು ಸಂಗಡಿಗರು ರೂಪಿಸಿದರು. 2017ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಇಲ್ಲಿ ದ್ರಾವಕ ಹೋಗುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಹಾಗೆಂದು "ಕ್ರಯೋ ಮಾಡಿದ್ದೇವೆ, ಆದ್ದರಿಂದ ಇದೇ ಸತ್ಯ" ಎನ್ನುವಂತಿಲ್ಲ.

ಕೆಲಸದ ಕ್ರಮ ಹೀಗಿದೆ. ರಂಧ್ರಗಳಿರುವ ಕಾರ್ಬನ್ ಗ್ರಿಡ್ ಮೇಲೆ 3 ಮೈಕ್ರೊಲೀಟರ್ ಹನಿ. ಎರಡು ಮೂರು ಸೆಕೆಂಡ್ ಫಿಲ್ಟರ್ ಕಾಗದದಿಂದ ಒತ್ತಿ ಹೀರುವುದು. ಉಳಿದ 100ರಿಂದ 200 ನ್ಯಾನೊಮೀಟರ್ ದಪ್ಪದ ಪದರವನ್ನು ದ್ರವ ಈಥೇನ್‌ಗೆ ಮುಳುಗಿಸುವುದು. ದ್ರವ ಸಾರಜನಕ ಮೈನಸ್ 196 ಡಿಗ್ರಿಯಷ್ಟು ತಣ್ಣಗಿದ್ದರೂ ನೇರವಾಗಿ ಅದರಲ್ಲಿ ಅದ್ದಿದರೆ ಗ್ರಿಡ್ ಸುತ್ತ ಆವಿಯ ಪೊರೆ ಕಟ್ಟಿ ಶಾಖ ಹೊರಹೋಗುವುದು ತಡವಾಗುತ್ತದೆ. ಅದಕ್ಕೇ ಮೈನಸ್ 183ರ ಸಮೀಪದ ಈಥೇನ್. ಟಾಲ್ವೀನ್‌ನಂತಹ ಎಷ್ಟೋ ಸಾವಯವ ದ್ರಾವಕಗಳು ಈಥೇನ್‌ನಲ್ಲೇ ಕರಗುವುದರಿಂದ ಅಂಥ ದ್ರಾವಣಗಳಿಗೆ ಸಾರಜನಕವನ್ನೇ ಬಳಸಬೇಕು. ಈಥೇನ್ ಹೊತ್ತಿಕೊಳ್ಳುವ ಅನಿಲ, ಸಾರಜನಕದ ಆವಿ ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿಸುತ್ತದೆ. ಗಾಳಿಯಾಡುವ ಜಾಗ ಕಡ್ಡಾಯ.

ಮೊದಲ ತೊಡಕು, ಹೀರಿದ ಮೇಲೆ ಉಳಿದ ತೆಳು ಪದರದಿಂದ ನೀರು ಆವಿಯಾಗುವುದು. ಒಣ ಗಾಳಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಪದರ ತಣ್ಣಗಾಗುತ್ತದೆ, ಸಾರತೆ ಏರುತ್ತದೆ. 32 ಡಿಗ್ರಿಯ ಸುಮಾರಿಗೆ ಕರಗುವ ಗುಣ ಬದಲಿಸುವ ಪಿಎನ್‌ಐಪಿಎಎಂ ಪಾಲಿಮರನ್ನು 35 ಡಿಗ್ರಿಯಲ್ಲಿ ನೋಡಲು ಹೊರಟು, ಕೋಣೆಯ ಗಾಳಿಯಲ್ಲಿ ಹೀರಿದರೆ ನೀವು ಹೆಪ್ಪುಗಟ್ಟಿಸಿದ್ದು ಬೇರೆಯೇ ಸ್ಥಿತಿಯನ್ನು. ಹೀರಿ ಮುಳುಗಿಸುವ ಯಂತ್ರದ ಒಳಕೋಣೆಯ ತೇವಾಂಶವನ್ನು ಶೇಕಡ 100ರ ಸಮೀಪ, ತಾಪಮಾನವನ್ನು ದ್ರಾವಣದಷ್ಟೇ ಇಡಿ. ಪಿಪೆಟ್ ತುದಿ, ಚಿಮಟ ಎರಡೂ ಆ ತಾಪಮಾನಕ್ಕೆ ಬಂದಿರಲಿ.

ಎರಡನೆಯದು ಹೀರುವಾಗಿನ ರಭಸ. ಹುಳುವಿನಾಕಾರದ ಮೈಸೆಲ್‌ಗಳೆಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಕಂಡರೆ ದ್ರವಸ್ಫಟಿಕ ಸಿಕ್ಕಿತೆಂದು ಹಿಗ್ಗಬೇಡಿ. ಹೀರಿದ ನಂತರ ಮುಳುಗಿಸುವ ಮೊದಲು ಬಿಡುವ ಹೊತ್ತನ್ನು 1, 10, 30 ಸೆಕೆಂಡ್ ಎಂದು ಬದಲಿಸಿ ನೋಡಿ. ಸಾಲು ಕಲಸಿಹೋದರೆ ಅದು ಕಾಗದದ ಕೆಲಸ. ಫಿಲ್ಟರ್ ಕಾಗದದಿಂದ ಕ್ಯಾಲ್ಸಿಯಂ ಕೂಡ ಬರಬಹುದು, ಇದು ಪಾಲಿಅಕ್ರಿಲಿಕ್ ಆಮ್ಲದಂತಹವಕ್ಕೆ ಸಣ್ಣ ವಿಷಯವಲ್ಲ.

ಮೂರನೆಯದು ಪದರದ ಆಕಾರ. ರಂಧ್ರದ ನಡುವೆ ತೆಳು, ಅಂಚಿನಲ್ಲಿ ದಪ್ಪ. ದೊಡ್ಡ ಕಣಗಳು ಅಂಚಿಗೆ ಸರಿಯುತ್ತವೆ, ಚಿಕ್ಕವು ನಡುವೆ ಉಳಿಯುತ್ತವೆ. ನಡುಭಾಗದಲ್ಲಷ್ಟೇ ಅಳೆದರೆ ಸರಾಸರಿ ಚಿಕ್ಕದಾಗಿಯೇ ಬರುತ್ತದೆ. 300 ನ್ಯಾನೊಮೀಟರ್‌ನ ವೆಸಿಕಲ್ 100ರ ಪದರದಲ್ಲಿ ಇದ್ದರೆ ಚಪ್ಪಟೆಯಾಗಿಯೇ ಇರಬೇಕು.

ಹಿಮದ ಕಣಗಳ ವಿಚಾರಕ್ಕೆ ಬರೋಣ. ವರ್ಗಾಯಿಸುವಾಗ ಗಾಳಿಯ ತೇವ ಸಾರಜನಕಕ್ಕೆ ಸೇರಿ, 50ರಿಂದ 100 ನ್ಯಾನೊಮೀಟರ್‌ನ ಕಪ್ಪು ದುಂಡು ಚುಕ್ಕಿಗಳಾಗಿ ಗ್ರಿಡ್ ಮೇಲೆ ಕೂರುತ್ತದೆ. ಅವು ಮೈಸೆಲ್‌ಗಳಂತೆಯೇ ಕಾಣುತ್ತವೆ. ಪರೀಕ್ಷೆ ಸುಲಭ: ಅದೇ ಜಾಗಕ್ಕೆ ಕಿರಣವನ್ನು ಹೆಚ್ಚು ಹೊತ್ತು ಬಿಡಿ. ಪಾಲಿಮರ್ ಇರುವ ಕಡೆ ಗುಳ್ಳೆಗಳೇಳುತ್ತವೆ, ಹಿಮದ ಕಣದಲ್ಲಿ ಏಳುವುದಿಲ್ಲ. ಪದರ ನಿಜಕ್ಕೂ ಗಾಜಿನಂತಿದೆಯೇ ಎಂಬುದಕ್ಕೆ ವಿವರ್ತನೆ ನೋಡಿ: 3.7 ಮತ್ತು 2.1 ಆಂಗ್‌ಸ್ಟ್ರಾಂ ಬಳಿ ಮಸುಕಾದ ಅಗಲ ಉಂಗುರಗಳಿದ್ದರೆ ಸರಿ, ಚೂಪು ಉಂಗುರ ಅಥವಾ ಚುಕ್ಕಿಗಳಿದ್ದರೆ ನೀರು ಹರಳಾಗಿದೆ. ಮೈನಸ್ 140 ಡಿಗ್ರಿಯ ಸುಮಾರಿಗೆ ಏರಿದರೂ ಹರಳಾಗತೊಡಗುತ್ತದೆ, ಆದ್ದರಿಂದ ಕೊನೆಯವರೆಗೂ ಮೈನಸ್ 170ಕ್ಕಿಂತ ಕೆಳಗಿಡಿ.

ಹಂತ 7: ಕಿರಣ ಮತ್ತು ಫೋಕಸ್

ಪಾಲಿಎಥಿಲೀನ್ ಆಕ್ಸೈಡ್, ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ಎರಡೂ ಕಿರಣಕ್ಕೆ ಬೇಗ ಬಲಿಯಾಗುತ್ತವೆ. ಫೋಕಸ್ ಮಾಡುವುದನ್ನು ಪಕ್ಕದ ಜಾಗದಲ್ಲಿ ಮುಗಿಸಿ, ಬೇಕಾದ ಜಾಗಕ್ಕೆ ಮೊದಲ ಬಾರಿ ಕಿರಣ ಬೀಳುವಾಗಲೇ ಚಿತ್ರ ತೆಗೆಯಿರಿ. ಚದರ ಆಂಗ್‌ಸ್ಟ್ರಾಂಗೆ 10ರಿಂದ 20 ಎಲೆಕ್ಟ್ರಾನ್‌ಗಳ ಮೊದಲ ಚಿತ್ರ, ಅದೇ ಜಾಗದ್ದೇ ಎರಡನೇ ಚಿತ್ರ. ಎರಡರ ನಡುವೆ ಅಳತೆ ಬದಲಾದರೆ ಎರಡನ್ನೂ ನಂಬಬೇಡಿ.

ಕಡಿಮೆ ಕಾಂಟ್ರಾಸ್ಟ್‌ನ ಪಾಲಿಮರ್ ಕಾಣಲಿ ಎಂದು ಫೋಕಸ್ ಬಿಟ್ಟು ತೆಗೆಯುವುದು ಅನಿವಾರ್ಯ. ಆಗ ಪ್ರತಿ ಅಂಚಿನ ಸುತ್ತ ಬಿಳಿ–ಕಪ್ಪು ಪಟ್ಟಿ ಮೂಡುತ್ತದೆ. ಅದನ್ನು ಮೈಸೆಲ್‌ನ ಹೊರಪದರವೆಂದು ಅಳೆದವರಿದ್ದಾರೆ. ಒಂದೇ ಜಾಗವನ್ನು 1, 2, 3 ಮೈಕ್ರೊಮೀಟರ್ ಡಿಫೋಕಸ್‌ನಲ್ಲಿ ತೆಗೆಯಿರಿ. ಪಟ್ಟಿಯ ಅಗಲ ಡಿಫೋಕಸ್ ಜೊತೆ ಬದಲಾದರೆ ಅದು ದೃಗ್ವಿಜ್ಞಾನ, ಪಾಲಿಮರ್ ಅಲ್ಲ.

ಹಂತ 8: ಎಸ್‌ಇಎಂನಲ್ಲಿ ಹೈಡ್ರೋಜೆಲ್ ಮತ್ತು ಆ ಜೇನುಗೂಡು

ಅಲ್ಜಿನೇಟ್, ಕೈಟೋಸಾನ್, ಜೆಲಾಟಿನ್ ಜೆಲ್‌ಗಳನ್ನು ಫ್ರೀಜ್ ಡ್ರೈ ಮಾಡಿ, ಚಿನ್ನ ಲೇಪಿಸಿ, ಎಸ್‌ಇಎಂನಲ್ಲಿ (ಮೇಲ್ಮೈಯನ್ನು ಕಿರಣದಿಂದ ತಡವಿ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಕಂಡ 50 ಮೈಕ್ರೊಮೀಟರ್ ರಂಧ್ರಗಳನ್ನು "ಜೆಲ್‌ನ ರಂಧ್ರಗಳು" ಎಂದು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆ ರಂಧ್ರಗಳು ಸಾಮಾನ್ಯವಾಗಿ ಹಿಮದ ಹರಳುಗಳು ಬಿಟ್ಟುಹೋದ ಅಚ್ಚುಗಳು. ನೀರು ಹರಳಾಗುವಾಗ ಪಾಲಿಮರನ್ನು ಹೊರಕ್ಕೆ ತಳ್ಳುತ್ತದೆ, ಪಾಲಿಮರ್ ಹರಳುಗಳ ನಡುವೆ ಗೋಡೆಯಾಗಿ ಒತ್ತುಗೂಡುತ್ತದೆ, ಹಿಮ ಆವಿಯಾದ ಮೇಲೆ ಗೋಡೆ ಉಳಿಯುತ್ತದೆ. ಜೆಲ್ ಆಗದ, ಬರೀ ಪಾಲಿಮರ್ ದ್ರಾವಣವನ್ನು ಹೀಗೇ ಮಾಡಿದರೂ ಅದೇ ಜೇನುಗೂಡು ಬರುತ್ತದೆ. ಈ ಒಂದು ಪರೀಕ್ಷೆಯನ್ನಾದರೂ ದಯವಿಟ್ಟು ಮಾಡಿ: ಅಡ್ಡಬಂಧಕ (ಸರಪಳಿಗಳನ್ನು ಒಂದಕ್ಕೊಂದು ಬೆಸೆದು ಜೆಲ್ ಮಾಡುವ ವಸ್ತು) ಹಾಕದ ದ್ರಾವಣವನ್ನು ಜೆಲ್ ಜೊತೆಯಲ್ಲೇ ಒಣಗಿಸಿ ನೋಡಿ.

ಎರಡನೇ ಪರೀಕ್ಷೆ: ಒಂದೇ ಜೆಲ್‌ನ ಒಂದು ತುಂಡನ್ನು ಮೈನಸ್ 20ರ ಫ್ರೀಜರ್‌ನಲ್ಲಿ, ಇನ್ನೊಂದನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ. ನಿಧಾನವಾಗಿ ಹೆಪ್ಪುಗಟ್ಟಿದ್ದರಲ್ಲಿ ರಂಧ್ರ ದೊಡ್ಡದು, ಬೇಗ ಹೆಪ್ಪುಗಟ್ಟಿದ್ದರಲ್ಲಿ ಚಿಕ್ಕದು ಬಂದರೆ ನೀವು ಅಳೆದದ್ದು ಹಿಮದ ಹರಳುಗಳ ಗಾತ್ರ.

ಮೂರನೆಯದು ಲೆಕ್ಕ. ಜೆಲ್‌ನ ಶಿಯರ್ ಮಾಡ್ಯುಲಸ್ (ಬಿಗಿತದ ಅಳತೆ) 1 ಕಿಲೋಪ್ಯಾಸ್ಕಲ್ ಇದ್ದರೆ, ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ನಿರಪೇಕ್ಷ ತಾಪಮಾನದಿಂದ ಗುಣಿಸಿ, ಮಾಡ್ಯುಲಸ್‌ನಿಂದ ಭಾಗಿಸಿ, ಘನಮೂಲ ತೆಗೆಯಿರಿ. ಕೋಣೆಯ ತಾಪಮಾನದಲ್ಲಿ ಬಲೆಯ ಕಣ್ಣು ಸುಮಾರು 16 ನ್ಯಾನೊಮೀಟರ್ ಎಂಬ ಅಂದಾಜು ಸಿಗುತ್ತದೆ. ಎಸ್‌ಇಎಂ ತೋರಿಸಿದ 50 ಮೈಕ್ರೊಮೀಟರ್ ಅದರ ಮೂರು ಸಾವಿರ ಪಟ್ಟು. ನಿಜವಾಗಿಯೂ ದೊಡ್ಡ ರಂಧ್ರಗಳಿರುವ ಜೆಲ್‌ಗಳೂ ಇವೆ. ಅವನ್ನು ಒದ್ದೆ ಸ್ಥಿತಿಯಲ್ಲೇ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು.

ಕ್ರಯೋ ಎಸ್‌ಇಎಂಗೆ ಹೋದರೂ ಇದೇ ತೊಂದರೆ ಸಣ್ಣ ಅಳತೆಯಲ್ಲಿ ಬೆನ್ನು ಹತ್ತುತ್ತದೆ, ಏಕೆಂದರೆ ಮಿಲಿಮೀಟರ್ ದಪ್ಪದ ತುಂಡಿನ ಒಳಭಾಗ ಗಾಜಾಗುವಷ್ಟು ಬೇಗ ತಣಿಯುವುದಿಲ್ಲ. ಸುಮಾರು 2100 ಬಾರ್ ಒತ್ತಡದಲ್ಲಿ ಹೆಪ್ಪುಗಟ್ಟಿಸುವ ಯಂತ್ರವಿದ್ದರೆ 200 ಮೈಕ್ರೊಮೀಟರ್ ದಪ್ಪದವರೆಗೆ ಸಾಧ್ಯ.

ಹಂತ 9: ಬರೆಯುವಾಗ

ವಿಧಾನದ ವಿಭಾಗದಲ್ಲಿ "ಮಾದರಿಯನ್ನು ಗ್ರಿಡ್ ಮೇಲೆ ಒಣಗಿಸಿ ಟಿಇಎಂನಲ್ಲಿ ನೋಡಲಾಯಿತು" ಎಂಬ ಒಂದು ಸಾಲು ಸಾಲದು. ಹನಿಯ ಗಾತ್ರ ಮತ್ತು ಸಾರತೆ, ಗ್ರಿಡ್‌ನ ಬಗೆ, ಡಿಸ್ಚಾರ್ಜ್‌ನ ಅವಧಿ, ಕಾದ ಹೊತ್ತು, ತೊಳೆದಿರಾ ಇಲ್ಲವಾ, ಸ್ಟೇನ್ ಮತ್ತು ಅದರ ಪಿಎಚ್, ಕೋಣೆಯ ತಾಪಮಾನ ಮತ್ತು ತೇವಾಂಶ, ಕಿರಣದ ಪ್ರಮಾಣ, ಡಿಫೋಕಸ್ ಇವೆಲ್ಲ ಇರಲಿ. ಎಷ್ಟು ಗ್ರಿಡ್, ಎಷ್ಟು ಚಿತ್ರ, ಎಷ್ಟು ಕಣ ಎಣಿಸಿದಿರಿ ಎಂಬುದೂ ಇರಲಿ. ಖಾಲಿ ಗ್ರಿಡ್‌ಗಳ ಚಿತ್ರಗಳನ್ನು ಪೂರಕ ಮಾಹಿತಿಯಲ್ಲಿ, ಪಾಲಿಮರ್ ಚಿತ್ರಗಳಷ್ಟೇ ವರ್ಧನೆಯಲ್ಲಿ, ಅವುಗಳ ಪಕ್ಕದಲ್ಲೇ ಹಾಕಿ. ಡಿಎಲ್‌ಎಸ್ ಅಥವಾ ಎಕ್ಸ್-ರೇ ಚದುರುವಿಕೆಯ ಅಳತೆ ಚಿತ್ರಕ್ಕೆ ಹೊಂದದಿದ್ದರೆ ಎರಡನ್ನೂ ಪ್ರಕಟಿಸಿ. ಹೊಂದುವ ಗ್ರಿಡ್ ಸಿಗುವವರೆಗೆ ಹುಡುಕಬೇಡಿ.